ಯುದ್ಧ ಸ್ವಲ್ಪ ನಿಲ್ಲಲಿ, ಕಂಪನಿಯವರು ಬರುತ್ತಿದ್ದಾರೆ

ಕಾಸರಗೋಡಿನಿಂದ ಹೋದ ಕನ್ನಡದ ಅರ್ಜಿಗಳು ತಿರುವನಂತಪುರದಲ್ಲಿ ಒಮ್ಮೆ ಕುಳಿತರೆ ಮತ್ತೆ ಏಳುವುದಿಲ್ಲವೆಂಬುದು ನಮಗೆ ಹಳೆಯ ಅನುಭವ. ಆದರೆ ಶಬ್ದದ ವೇಗವನ್ನು ಮೀರಿ ಹಾರುವ ಯುದ್ಧವಿಮಾನಕ್ಕೂ ಅಲ್ಲಿ ಅದೇ ಗತಿಯೆಂದು 2025ರ ಜೂನ್ 14ರವರೆಗೆ ಗೊತ್ತಿರಲಿಲ್ಲ. ಅಂದು ಅಲ್ಲಿ ಇಳಿದ ಬ್ರಿಟನ್ನಿನ ಎಫ್-35ಬಿ ವಿಮಾನವು ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟು ಮೂರು ವಾರ ಮುಂಗಾರಿನಲ್ಲಿ ನೆನೆಯಿತು. ಅದರ ತಾಯಿಹಡಗಾದ ವಿಮಾನವಾಹಕ ನೌಕೆಯಿಂದ ಬಂದ ತಂತ್ರಜ್ಞರ ಕೈಯಲ್ಲಿ ರಿಪೇರಿ ಆಗಲಿಲ್ಲ. ಜುಲೈ 6ರಂದು ಬ್ರಿಟನ್ನಿನಿಂದ ಇನ್ನೊಂದು ತಂಡ ಬಂದ ಮೇಲಷ್ಟೇ ಅದು ಹ್ಯಾಂಗರಿನ ನೆರಳು ಕಂಡಿತು. ಹಾರಿದ್ದು ಜುಲೈ 22ರಂದು. ಆ ನಡುವೆ ಕೇರಳದ ಪ್ರವಾಸೋದ್ಯಮ ಇಲಾಖೆ ಅದನ್ನೇ ಜಾಹೀರಾತು ಮಾಡಿಕೊಂಡಿತು. ಸರಕಾರಿ ಇಲಾಖೆಯೊಂದು ಇಷ್ಟು ಚುರುಕಾಗಿದ್ದುದಕ್ಕೆ ವಿಮಾನಕ್ಕೆ ಋಣಿಯಾಗಿರಬೇಕು.

ಇದನ್ನು ಬರಿಯ ದುರದೃಷ್ಟವೆನ್ನುವವರಿಗೆ ಸೇನೆ ಮತ್ತು ಉದ್ಯಮಗಳ ಸಹಯೋಗದ ಮಹಿಮೆ ತಿಳಿಯದು. ಈ ವಿಮಾನದ ತವರಾದ ಅಮೆರಿಕದಲ್ಲಿ ಸೇನೆ ವಿಮಾನವನ್ನು ಕೊಳ್ಳುತ್ತದೆ, ಅದನ್ನು ಬಿಚ್ಚಿ ಜೋಡಿಸುವ ವಿದ್ಯೆ ಬಹುಪಾಲು ತಯಾರಿಸಿದ ಕಂಪನಿಯ ಕಪಾಟಿನಲ್ಲೇ ಉಳಿಯುತ್ತದೆ. 2023ರ ಮಾರ್ಚಿನಲ್ಲಿ ಅಲ್ಲಿನ ಎಫ್-35 ಪಡೆಯಲ್ಲಿ ಕೆಲಸಕ್ಕೆ ಸಿದ್ಧವಿದ್ದುದು ಸುಮಾರು ಶೇ. 55 ಮಾತ್ರ ಎಂದೂ, ದುರಸ್ತಿಗೆ ಬೇಕಾದ ತಾಂತ್ರಿಕ ಮಾಹಿತಿ ಸೇನೆಯ ಬಳಿ ಸಾಕಷ್ಟಿಲ್ಲವೆಂದೂ ಅವರದೇ ಲೆಕ್ಕಪರಿಶೋಧಕರು ಬರೆದರು. ಜಪಾನಿನಲ್ಲಿದ್ದ ನೌಕಾಯೋಧರು ಕೆಟ್ಟ ಎಂಜಿನ್ನುಗಳನ್ನು ತಾವು ಮುಟ್ಟುವಂತಿಲ್ಲದೆ ಅಮೆರಿಕಕ್ಕೆ ಕಳುಹಿಸುತ್ತಿದ್ದರೆಂದು ಒಬ್ಬ ಸೇನಾಧಿಕಾರಿ 2019ರಲ್ಲಿ ಪತ್ರಿಕೆಯಲ್ಲಿ ಹೇಳಿಕೊಂಡರು. ಎಂಜಿನ್ ಬಿಚ್ಚಲು ತರಬೇತಾದ ಕೈಗಳಿಗೆ ಸಹಯೋಗವು ಪೆಟ್ಟಿಗೆ ಕಟ್ಟುವ ಹೊಸ ಕೌಶಲವನ್ನು ಕಲಿಸಿತು.

ಈ ಏರ್ಪಾಡು ಬದಿಯಡ್ಕದ ಅಡಿಕೆ ತೋಟಕ್ಕೆ ಬಂದರೆ ಚಿತ್ರ ಸ್ಪಷ್ಟವಾಗುತ್ತದೆ. ಆಟಿಯ ಮಳೆ ತುಸು ಹೊಳವಾದಾಗ ಮದ್ದು ಬಿಡಲು ಹೊರಟ ಕೃಷಿಕನ ಪಂಪಿನ ವಾಶರು ಹರಿದರೆ, ಆತ ಪೇಟೆಯ ಮೆಕ್ಯಾನಿಕ್ಕನ್ನು ಕರೆಯುವುದು ಕರಾರು ಉಲ್ಲಂಘನೆಯಾಗುತ್ತದೆ. ಕಂಪನಿಯ ಎಂಜಿನಿಯರು ಕಡಲು ದಾಟಿ ಬರುವವರೆಗೆ ಗೊನೆಗೆ ಇಳಿಯದೆ ಕಾದಿರುತ್ತೇನೆಂದು ಕೊಳೆರೋಗವೂ ಅದೇ ಕರಾರಿಗೆ ಸಹಿ ಹಾಕಬೇಕಾಗುತ್ತದೆ.

ಅಮೆರಿಕದ ರಕ್ಷಣಾ ಕಾರ್ಯದರ್ಶಿಗೆ ಇದು ಅರ್ಥವಾಗಿರಬೇಕು. ಇನ್ನು ಮುಂದೆ ಒಪ್ಪಂದಗಳಲ್ಲಿ ದುರಸ್ತಿಯ ಹಕ್ಕನ್ನು ಕೇಳಿ ಪಡೆಯಬೇಕೆಂದು 2025ರ ಏಪ್ರಿಲ್ 30ರಂದು ಭೂಸೇನೆಗೆ ಆದೇಶಿಸಿದರು. ಸಂಸತ್ತಿನ ಎರಡೂ ಸದನಗಳು ತಮ್ಮ ತಮ್ಮ ರಕ್ಷಣಾ ಮಸೂದೆಗಳಲ್ಲಿ ಅಂಥ ವಿಧಿಗಳನ್ನು ಸೇರಿಸಿದವು, ಉದ್ಯಮದ ಸಂಘಟನೆಗಳು ವಿರೋಧಿಸಿದವು, ಡಿಸೆಂಬರಿನಲ್ಲಿ ಎರಡನ್ನೂ ಕೂಡಿಸಿ ಅಂತಿಮ ಪ್ರತಿ ಸಿದ್ಧವಾದಾಗ ಆ ವಿಧಿಗಳು ಮಾತ್ರ ಅದರಲ್ಲಿರಲಿಲ್ಲ. ಮಸೂದೆಯಿಂದ ಬೇಡದ ಭಾಗ ಬಿಚ್ಚಲು ಯಾರ ಅನುಮತಿಯೂ ಬೇಕಿರಲಿಲ್ಲವೆಂಬುದು ಗಮನಾರ್ಹ.

ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಭಾರತಕ್ಕೂ ಎಫ್-35 ಒದಗಿಸುವ ದಾರಿ ತೆರೆಯುವುದಾಗಿ ಹೇಳಿದ್ದರು. ಎಂದಾದರೂ ಕೊಳ್ಳುವ ಮನಸ್ಸಾದರೆ, ವಿಮಾನಗಳ ಎಲೆಕ್ಟ್ರಾನಿಕ್ಸ್‌ಗೆಂದೇ ನಮ್ಮ ಕಾಸರಗೋಡಿನ ಸೀತಾಂಗೋಳಿಯಲ್ಲಿ ಎಚ್‌ಎಎಲ್ ಕಾರ್ಖಾನೆಯಿದೆಯಲ್ಲ, ಅಲ್ಲಿಯವರು ಅದರ ಒಂದು ಸ್ಕ್ರೂ ತಿರುಗಿಸಬಹುದೇ ಎಂದು ದೆಹಲಿಯವರು ಮೊದಲೇ ಕೇಳಿಕೊಳ್ಳಲಿ. ಕೂಡದೆಂಬ ಉತ್ತರ ಬಂದರೆ ಒಪ್ಪಂದಕ್ಕೆ ಒಂದೇ ಒಂದು ಷರತ್ತು ಸೇರಿಸಿದರೆ ಸಾಕು: ಕಂಪನಿಯ ಸೇವಾ ಕೇಂದ್ರದ ಕೆಲಸದ ವೇಳೆ ಮತ್ತು ರಜಾದಿನಗಳ ಪಟ್ಟಿಯ ಒಂದು ಪ್ರತಿಯನ್ನು ಪ್ರತಿ ವರ್ಷ ಜನವರಿಯಲ್ಲೇ ಶತ್ರುರಾಷ್ಟ್ರಗಳಿಗೂ ತಲುಪಿಸತಕ್ಕದ್ದು.