ತಮ್ಮ ಅಂದ್ರೆ ಲೆಕ್ಕಕ್ಕಿಲ್ಲವಂತೆ

ಕರೆಂಟ್ ತಂತಿ ತುಳಿದು ಸತ್ತ ಅಕ್ಕನ ಪರಿಹಾರ ಕೇಳೋಕೆ ಇವತ್ತು ಮಧ್ಯಾಹ್ನ ವಿದ್ಯುತ್ ಕಂಪನಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರು ನನ್ನ ಹೆಸರಿನ ಮೇಲೆ ಗೀಟು ಎಳೆದ್ರು. ಪೆನ್ನಲ್ಲೂ ಅಲ್ಲ, ಪೆನ್ಸಿಲ್ಲಲ್ಲಿ. ಮನೆಗೆ ಬಂದಾಗಿಂದ ಅದೇ ಕಣ್ಮುಂದೆ ಬರ್ತಿದೆ. ಊಟ ಸೇರ್ಲಿಲ್ಲ.

ವಂಶವೃಕ್ಷದ ಜೆರಾಕ್ಸ್ ಅದು. ಅದನ್ನ ಮಾಡಿಸೋಕೆ ನಾಡಕಚೇರಿಗೆ ಎಷ್ಟು ಸಲ ಅಲೆದೆ ಅಂತ ಲೆಕ್ಕ ಇಟ್ಟಿಲ್ಲ. ಮೇಲೆ ಅಪ್ಪ, ಅಮ್ಮ, ಇಬ್ಬರ ಪಕ್ಕದಲ್ಲೂ "ಮೃತ". ಕೆಳಗೆ ಎರಡೇ ಹೆಸರು. ಅಕ್ಕಂದು, ಅದರ ಪಕ್ಕದಲ್ಲೂ ಈಗ ಅದೇ ಪದ. ಇನ್ನೊಂದು ನಂದು. ಬದುಕಿರೋದು ಅದೊಂದೇ, ಗೀಟು ಬಿದ್ದಿದ್ದೂ ಅದಕ್ಕೇ.

"ನೀವು ಆಕೆಗೆ ಏನಾಗ್ಬೇಕು?"

"ತಮ್ಮ, ಸರ್."

"ಗಂಡ?"

"ಮದುವೆ ಆಗಿರ್ಲಿಲ್ಲ."

"ತಂದೆ ತಾಯಿ ಇಲ್ಲ. ಅಜ್ಜ ಅಜ್ಜಿ ಯಾರಾದ್ರೂ?"

"ಅಜ್ಜಿ ಇದ್ರು. ಅಕ್ಕ ಹೋಗೋಕೆ ಮೂರು ತಿಂಗಳು ಮುಂಚೆ ತೀರ್ಕೊಂಡ್ರು."

"ಛೆ" ಅಂದ್ರು. ನಿಜವಾಗ್ಲೂ ಬೇಜಾರಾದೋರ ಥರ. "ಅವರಿದ್ದಿದ್ರೆ ಆಗ್ತಿತ್ತು ನೋಡಿ."

ನನ್ನಜ್ಜಿ ಇನ್ನೊಂದು ಮೂರು ತಿಂಗಳು ಜೀವ ಹಿಡ್ಕೊಂಡಿದ್ರೆ ಕಂಪನಿಗೆ ನನ್ನಕ್ಕ ಮನುಷ್ಯಳಾಗಿ ಕಾಣ್ತಿದ್ಲು ಅಂತಾಯ್ತು.

ಅಲ್ಲಿಗೇ ಬಿಟ್ಟಿದ್ರೂ ಎದ್ದು ಬರ್ತಿದ್ದೆ. ಆದ್ರೆ ಪುಣ್ಯಾತ್ಮರು ಕ್ಯಾಲ್ಕುಲೇಟರ್ ಎಳ್ಕೊಂಡ್ರು. "ಸುಮ್ನೆ ತಿಳ್ಕೊಳ್ಳೋಕೆ ಹೇಳ್ತೀನಿ. ವಯಸ್ಸು 38, ಅಂದ್ರೆ ವರ್ಷದ ದುಡಿಮೆನ 15ರಿಂದ ಗುಣಿಸ್ಬೇಕು. ಮದುವೆ ಆಗಿಲ್ಲ, ಹಾಗಾಗಿ ಅವರ ಸ್ವಂತ ಖರ್ಚಿಗೆ ಅಂತ ಅರ್ಧ ಕಳೀಬೇಕು." ಪಕ್ಕದ ಟೇಬಲ್ಲಿನವರು ಟೀ ಲೋಟ ಕೆಳಗಿಟ್ಟು ಬಗ್ಗಿ ನೋಡಿದ್ರು. ನನ್ನ ಹಿಂದೆ ನಿಂತಿದ್ದ ಯಾರೋ "ಬೇಗ ಮುಗಿಸ್ರೀ" ಅಂದ್ರು. ಇವರು ಒತ್ತಿದ್ರು, ಅಳಿಸಿದ್ರು, ಮತ್ತೆ ಒತ್ತಿದ್ರು. ಬಂದ ಮೊತ್ತವನ್ನ ನನ್ನ ಕಡೆ ತಿರುಗಿಸಿ ತೋರ್ಸಿದ್ರು. "ಇದು ಬರ್ತಿತ್ತು. ಆದ್ರೆ ನಿಮಗೆ ಬರಲ್ಲ." ಆಮೇಲೆ ಗೀಟು. ಆಮೇಲೆ ಫೈಲ್ ಮಡಚಿ ನನ್ನ ಕಡೆ ತಳ್ಳಿದ್ರು.

ಆಗ ನಾನೇನು ಮಾಡಿದೆ ಗೊತ್ತಾ? "ಥ್ಯಾಂಕ್ಸ್ ಸರ್" ಅಂದೆ.

ಥ್ಯಾಂಕ್ಸ್ ಸರ್! ಇಪ್ಪತ್ತು ತಿಂಗಳಿಂದ ಸ್ನಾನ ಮಾಡ್ತಾ, ಬಸ್ಸಲ್ಲಿ ನಿಂತ್ಕೊಂಡು, ರಾತ್ರಿ ಮಲಗಿ ಎಷ್ಟು ಭಾಷಣ ತಯಾರು ಮಾಡ್ಕೊಂಡಿದ್ದೆ. ಮೇಜು ಕುಟ್ತೀನಿ ಅಂದ್ಕೊಂಡಿದ್ದೆ. ಎಲ್ಲಾ ಬಿಟ್ಟು ಬಾಯಿಂದ ಬಂದಿದ್ದು ಅದು. ಹೊರಡೋವಾಗ ಕುರ್ಚಿಯನ್ನೂ ಸರಿಯಾಗಿ ಒಳಗೆ ತಳ್ಳಿ ಬಂದೆ. ಅಕ್ಕ ಕಲಿಸಿದ ಮರ್ಯಾದೆ. ನೋಡಿದ್ರೆ ನಕ್ಕುಬಿಡ್ತಿದ್ಲು.

ಸ್ವಂತ ಖರ್ಚಿಗೆ ಅರ್ಧ ಅಂತೆ. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸರಳಾ ವರ್ಮಾ ತೀರ್ಪಲ್ಲಿ ಹಾಗಿದೆಯಂತೆ, ಮದುವೆಯಾಗದವರು ಅರ್ಧ ದುಡಿಮೆ ತಮಗೇ ಖರ್ಚು ಮಾಡ್ಕೊಳ್ತಾರೆ ಅನ್ನೋ ಲೆಕ್ಕ. ನಮ್ಮಕ್ಕನಾ? ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ನನ್ನನ್ನ ಡಿಗ್ರಿ ಓದಿಸಿದೋಳು. ಚಪ್ಪಲಿ ಪಟ್ಟಿ ಕಿತ್ತುಬಂದ್ರೆ ಹೊಸದು ತಗೊಳ್ತಿರ್ಲಿಲ್ಲ, ಅದೇ ದಪ್ಪ ನೀಲಿ ದಾರದಲ್ಲಿ ತಾನೇ ಹೊಲ್ಕೊಳ್ತಿದ್ಲು. ಅವತ್ತು ರಸ್ತೆಯಲ್ಲಿ ಸಿಕ್ಕಿದ ಚಪ್ಪಲಿಯಲ್ಲೂ ಆ ನೀಲಿ ದಾರ ಇತ್ತು. ಇನ್ನೊಂದು ಸಿಗಲೇ ಇಲ್ಲ.

ಸಂಜೆ ಲಾಯರಮ್ಮನಿಗೆ ಫೋನ್ ಮಾಡಿದೆ. ಗುಮಾಸ್ತರು ಸುಳ್ಳು ಹೇಳಿರ್ತಾರೆ ಅನ್ನೋ ಆಸೆ ಇತ್ತು. ಹೇಳಿಲ್ಲ. ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್, 1855, ಇಂಥ ಸಾವಿಗೆ ಪರಿಹಾರ ಯಾರಿಗೆ ಅಂತ ಹೇಳೋ ಕಾನೂನು. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು, ಇವರಿಗೆ ಮಾತ್ರ. ತಂದೆತಾಯಿ ಅನ್ನೋದರಲ್ಲಿ ಅಜ್ಜ ಅಜ್ಜಿ ಸೇರ್ತಾರೆ, ಮಕ್ಕಳು ಅನ್ನೋದರಲ್ಲಿ ಮೊಮ್ಮಕ್ಕಳು, ಮಲಮಕ್ಕಳೂ ಸೇರ್ತಾರೆ. ಒಡಹುಟ್ಟಿದವರು ಇಲ್ಲ. 1855 ಅಂದ್ರೆ ಸಿಪಾಯಿ ದಂಗೆಗೂ ಎರಡು ವರ್ಷ ಮುಂಚೆ. ನಮ್ಮ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದು 1902ರಲ್ಲಿ. ಕರೆಂಟೇ ಇಲ್ಲದ ಕಾಲದ ಕಾನೂನು, ಕರೆಂಟ್ ಹೊಡೆದು ಸತ್ತೋಳಿಗೆ ತಮ್ಮ ಇಲ್ಲ ಅಂತ ತೀರ್ಮಾನ ಮಾಡ್ತಿದೆ.

ಇನ್ನೊಂದು ಕೇಳಿ. ಇದೇ ಅಕ್ಕ ಅದೇ ರಸ್ತೆಯಲ್ಲಿ ಬಸ್ಸಿಗೆ ಸಿಕ್ಕಿ ಸತ್ತಿದ್ರೆ ನಾನು ಪರಿಹಾರ ಕೇಳಬಹುದಿತ್ತಂತೆ! ಮೋಟಾರು ವಾಹನ ಕಾಯ್ದೆಯಲ್ಲಿ ಸತ್ತವರ ಅಣ್ಣತಮ್ಮಂದಿರೂ ಕೇಳಬಹುದು ಅಂತ 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅಂದ್ರೆ ಚಕ್ರ ಹತ್ತಿ ಸತ್ತಿದ್ರೆ ನಾನು ತಮ್ಮ. ತಂತಿ ತುಳಿದು ಸತ್ತಿದ್ದಕ್ಕೆ ನಾನು ದಾರಿಹೋಕ.

ತಪ್ಪು ಯಾರದ್ದು ಅನ್ನೋದರ ಬಗ್ಗೆ ಗೊಂದಲ ಇದ್ದಿದ್ರೆ ಸುಮ್ನಿರ್ತಿದ್ದೆ. ತಂತಿ ಜೋತು ಬಿದ್ದಿದೆ ಅಂತ ಬೀದಿಯವರು ಮೂರು ಸಲ ಫೋನ್ ಮಾಡಿದ್ರು. "ಲೈನ್‌ಮನ್ ಕಳಿಸ್ತೀವಿ" ಅಂದಿದ್ರು. ಮಳೆ ಬಂತು, ತುಂಡಾಗಿ ನೀರಲ್ಲಿ ಬಿತ್ತು, ಫ್ಯೂಸ್ ಹೋಗ್ಲಿಲ್ಲ. ಮಧ್ಯಪ್ರದೇಶದಲ್ಲೂ ಹೀಗೇ, ಮಳೆ ನೀರಲ್ಲಿ ಬಿದ್ದಿದ್ದ ತಂತಿ ಕಾಣದೆ ಸೈಕಲ್ಲಲ್ಲಿ ಮನೆಗೆ ಹೋಗ್ತಿದ್ದವರೊಬ್ಬರು ಸತ್ರು. ಯಾರೋ ಕರೆಂಟ್ ಕದಿಯೋಕೆ ಎಳೆದಿದ್ದ ತಂತಿ ಅದು ಅಂತ ವಿದ್ಯುತ್ ಮಂಡಳಿ ವಾದ ಮಾಡ್ತು. ಅದೆಲ್ಲ ನಡಿಯಲ್ಲ, ಇಂಥ ಅಪಾಯದ ವಸ್ತು ಹಂಚೋ ಕೆಲಸ ಮಾಡೋರು ನೀವು, ಹೊಣೆ ನಿಮ್ಮದೇ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಜವಾಬ್ದಾರಿ ಇತ್ತು ಅಂತ ಸಾಬೀತು ಮಾಡೋ ಗೋಜೂ ಇಲ್ಲ. ಅಷ್ಟೆಲ್ಲ ಗಟ್ಟಿ ಇದೆ ಕಾನೂನು. ಆದ್ರೆ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರೆ, ನೀನ್ಯಾರು?

ಪೊಲೀಸಿನವರು ಯುಡಿಆರ್ ಬರೆದು ಮುಗಿಸಿದ್ದಾರೆ. ಅಸಹಜ ಸಾವು, ಅಷ್ಟೇ. ಆರೋಪಿಯ ಜಾಗ ಖಾಲಿ.

ನನಗೆ ದುಡ್ಡು ಬೇಡ. ಇದನ್ನ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೀನಿ, ಹೇಳಿದಾಗ ಒಳ್ಳೆಯವನ ಥರ ಕಾಣ್ತೀನಿ ಅಂತ. ಸುಳ್ಳು. ಬೇಕು. ಒಂದೊಂದು ರೂಪಾಯಿನೂ ಬೇಕು, ಅವರ ಖಾತೆಯಿಂದಲೇ ಬರಬೇಕು, ಕೊಡೋವಾಗ ಅವರಿಗೆ ಉರೀಬೇಕು. ಇಲ್ಲ, ಅದೂ ಅಲ್ಲ. ಆ ಮೂರು ಫೋನ್ ಎತ್ತಿದ್ದು ಯಾರು? ಅದನ್ನ ಒಬ್ಬರಾದ್ರೂ ಹೇಳ್ಲಿ. ಅಸಿಸ್ಟೆಂಟ್ ಇಂಜಿನಿಯರ್ ಹೇಳ್ಲಿ, ಲೈನ್‌ಮನ್ ಹೇಳ್ಲಿ, ಆ ಪೆನ್ಸಿಲ್ ಸಾಹೇಬ್ರೇ ಹೇಳ್ಲಿ. ಬರೆದುಕೊಂಡ ರಿಜಿಸ್ಟರ್ ಎಲ್ಲಿದೆ? ಲೈನ್‌ಮನ್ ಪಾಪ, ಎಷ್ಟು ಕಂಬಕ್ಕೆ ಒಬ್ಬನೋ ಏನೋ. ಅವನ ಮೇಲೆ ಯಾಕೆ ಹಾಕ್ಲಿ. ಹಾಗಂತ ಯಾರ ಮೇಲೂ ಹಾಕದೇ ಇರೋದು ಹೆಂಗೆ?

ಅದೇ 1855ರ ಕಾಯ್ದೆಯ ಸೆಕ್ಷನ್ 2ರಲ್ಲಿ ಮೃತರ ಆಸ್ತಿಗೆ ಆದ ನಷ್ಟ ಅಂತ ವಾರಸುದಾರರು ಕೇಳಬಹುದಂತೆ, ಆದ್ರೆ ಸಿಗೋದು ಕಮ್ಮಿ ಅಂದ್ರು ಲಾಯರಮ್ಮ. ಇಲ್ಲಾಂದ್ರೆ ಹೈಕೋರ್ಟಿಗೆ ರಿಟ್. ಸಾವಾದ ದಿನದಿಂದ ಎರಡು ವರ್ಷದೊಳಗೆ ದಾವೆ ಹಾಕಬೇಕಂತೆ. ಇನ್ನು ನಾಲ್ಕು ತಿಂಗಳಿದೆ. ಏನಾಗುತ್ತೆ ಇದರಿಂದ, ಏನೂ ಆಗಲ್ಲ. ನಾಳೆ ವಕಾಲತ್ತಿಗೆ ಸಹಿ ಹಾಕೋಕೆ ಬನ್ನಿ ಅಂದ್ರು, ಹೋಗ್ತೀನಿ.

ಈಗಷ್ಟೇ ರಬ್ಬರ್ ತಗೊಂಡು ಆ ಗೀಟು ಉಜ್ಜಿದೆ. ಗೀಟು ಹೋಯ್ತು, ಜೊತೆಗೆ ನನ್ನ ಹೆಸರೂ ಅರ್ಧ ಮಾಸಿತು. ಬೆಳಿಗ್ಗೆ ಮೊದಲು ಇನ್ನೊಂದು ಜೆರಾಕ್ಸ್ ತೆಗೆಸಬೇಕು. ಯಾರಾದ್ರೂ ಅಕ್ಕನಿಗೋ ಅಣ್ಣನಿಗೋ ಅಂತ ಸೆಕ್ಷನ್ 2ರಲ್ಲಿ ಕೇಸ್ ಹಾಕಿದೋರು ಇದ್ರೆ ದಯವಿಟ್ಟು ಹೇಳಿ, ಏನೇನು ಕಾಗದ ಕೇಳಿದ್ರು?