68 ಅಂತೆ, ಸುಮ್ನಿರಬೇಕಂತೆ!

ಬೆಂಗಳೂರಿನಲ್ಲಿ ನವೆಂಬರ್ ಅಂದರೆ ಗೊತ್ತಲ್ಲ, ತಿಂಗಳಿಡೀ ಕ್ರಾಸಿಗೊಂದು ರಾಜ್ಯೋತ್ಸವ. ನಿನ್ನೆ ನಮ್ಮ ಕ್ರಾಸಿನ ಸರದಿ. ಕನ್ನಡ ವಿರೋಧಿ ಅಂತ ಕಾಮೆಂಟ್ ಹಾಕೋಕೆ ಕೈ ತುರಿಸ್ತಿರೋರು ಸ್ವಲ್ಪ ತಡೆದುಕೊಳ್ಳಿ. ಚಂದಾ ನಾನೂ ಕೊಟ್ಟಿದ್ದೇನೆ. ಆರ್ಕೆಸ್ಟ್ರಾದಲ್ಲಿ ಮಿಕ್ಸರ್ ಮುಂದೆ ಕೂತು ಅನ್ನ ತಿಂದವನು ನಾನು, ಹಾಡು ಕೇಳಿ ಉರಿದುಕೊಳ್ಳುವ ಜಾತಿಯಲ್ಲ.

ಉರಿದದ್ದು ಫೋನ್ ನೋಡಿ. ಎದುರು ಮನೆ ಅಜ್ಜಿಗೆ ಎದೆ ಡಬಡಬ ಅಂತಿದೆ, ಸ್ವಲ್ಪ ಕಮ್ಮಿ ಮಾಡ್ರಪ್ಪಾ ಅಂತ ಕೇಳಲು ಹೋದರೆ, ಸಮಿತಿಯ ಹುಡುಗ ಸದ್ದು ಅಳೆಯುವ ಒಂದು ಆ್ಯಪ್ ತೆಗೆದು ಮುಖಕ್ಕೆ ಹಿಡಿದ. "ನೋಡಿ ಅಂಕಲ್, 68 ಡೆಸಿಬಲ್ ಅಷ್ಟೇ. 75 ತನಕ ರೂಲ್ಸಲ್ಲೇ ಇದೆ."

ಆಹಾ, ರೂಲ್ಸು! 2000ದ ಶಬ್ದಮಾಲಿನ್ಯ ನಿಯಮದಲ್ಲಿ 75 ಇರುವುದು ನಿಜ. ಆದರೆ ಅಲ್ಲಿರುವುದು ಸುತ್ತಲಿನ ಮಿತಿಗಿಂತ 10 ಜಾಸ್ತಿ ಅಥವಾ 75, ಇವೆರಡರಲ್ಲಿ ಯಾವುದು ಕಮ್ಮಿಯೋ ಅದು. ಜನವಸತಿ ಪ್ರದೇಶಕ್ಕೆ ಹಗಲಿನ ಮಿತಿ 55, ರಾತ್ರಿ ಹತ್ತರ ಮೇಲೆ 45. ಲೆಕ್ಕ ನೀವೇ ಹಾಕಿ. ಎಲ್ಲರಿಗೂ 75 ಮಾತ್ರ ನೆನಪಿರುತ್ತದೆ, "ಕಮ್ಮಿಯೋ ಅದು" ಯಾರ ಬಾಯಲ್ಲೂ ಬರುವುದಿಲ್ಲ.

ಹೋಗಲಿ, ನನ್ನ ಜಗಳ ಮಿತಿಯ ಮೇಲಲ್ಲ. ಆ 68ರ ಮೇಲೆ. ಕಿಟಕಿ ಗಾಜು ಗಡಗಡ ಅಂತಿತ್ತು ಕಣ್ರೀ. ಅಡುಗೆಮನೆ ಸ್ಟ್ಯಾಂಡಿನಲ್ಲಿ ಲೋಟಕ್ಕೆ ಲೋಟ ತಾಗಿ ಕಿಣಿಕಿಣಿ. ಅದು 68 ಹೇಗಾಗುತ್ತದೆ?

ಆಗುತ್ತದೆ. ಮೀಟರ್ ಅಳೆಯುವುದು "ಎ" ತೂಕದ ಡೆಸಿಬಲ್, ಅಂದರೆ ಕಿವಿಗೆ ಕಮ್ಮಿ ಕೇಳಿಸುವ ಸ್ವರಗಳನ್ನು ಕಮ್ಮಿ ಲೆಕ್ಕಕ್ಕೆ ಹಿಡಿಯುವ ಅಳತೆ. 1933ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಜನರಿಗೆ ಬೇರೆ ಬೇರೆ ಸ್ವರ ಕೇಳಿಸಿ, ಯಾವುದು ಎಷ್ಟು ಜೋರು ಅಂತ ಹೇಳಿಸಿ ಗೆರೆಗಳನ್ನು ಎಳೆದರು. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬಾಸ್, ಅಂದರೆ ತಗ್ಗಿನ ದಪ್ಪ ಸ್ವರ, ಸರಿಯಾಗಿ ಕೇಳಿಸುವುದಿಲ್ಲ ಅನ್ನೋದು ಅದರಲ್ಲಿ ಕಾಣುತ್ತದೆ. ಅಂಥ ಮೆಲ್ಲನೆಯ ಸದ್ದಿನ ಗೆರೆಯೊಂದನ್ನು ಹಿಡಿದುಕೊಂಡೇ "ಎ" ತೂಕ ಮಾಡಿದ್ದು. ಹಾಗಾಗಿ 63 ಹರ್ಟ್ಜ್‌ನ ಬಾಸ್ ಸದ್ದಿಗೆ ಮೀಟರ್ ಸುಮಾರು 26 ಡೆಸಿಬಲ್ ಕಳೆದುಬಿಡುತ್ತದೆ. ಸಬ್ ವೂಫರ್ 90ರಲ್ಲಿ ಗುದ್ದುತ್ತಿದ್ದರೂ ಮೀಟರಲ್ಲಿ 64! ಆದರೆ ಸದ್ದು ಏರಿದಂತೆ ಕಿವಿ ಬಾಸ್‌ಗೆ ಅಷ್ಟೊಂದು ಮಂದವಾಗಿರುವುದಿಲ್ಲ, ಅದೂ ಅದೇ ಗೆರೆಗಳಲ್ಲೇ ಇದೆ. ಚಿನ್ನದಂಗಡಿ ತಕ್ಕಡಿಯಲ್ಲಿ ಅಕ್ಕಿ ಮೂಟೆ ತೂಗಿದ ಹಾಗಾಯ್ತು. ಇದರ ಮೇಲೆ ಫೋನಿನ ಮೈಕು ಬೇರೆ. ಅದು ಮಾತಾಡಲಿಕ್ಕೆ ಮಾಡಿದ್ದು ಸ್ವಾಮಿ, ಬಾಸ್ ಅಳೆಯಲಿಕ್ಕಲ್ಲ.

ಗೋಡೆಗೆ ಗೋಡೆ ಅಂಟಿದ ನಮ್ಮ ಥರ್ಟಿ ಫಾರ್ಟಿ ಮನೆಗಳಲ್ಲಿ ಕಿಟಕಿ ಹಾಕಿದರೆ ಹಾಡಿನ ಸಾಹಿತ್ಯ ಹೊರಗೇ ನಿಲ್ಲುತ್ತದೆ. ಒಳಗೆ ಬರುವುದು ದಬ್, ದಬ್, ದಬ್. ಮೀಟರಿಗೆ ಬೇಡವಾದದ್ದೇ ನಮ್ಮ ಹಾಸಿಗೆ ತನಕ ಬರುತ್ತದೆ.

ನಾನು ಗೊಣಗುತ್ತಾ ನಿಂತಿದ್ದಕ್ಕೆ ಹುಡುಗರು ಅರ್ಧ ಬಾಕ್ಸ್ ಆಫ್ ಮಾಡಿದರು. ಮಾಡಿ, ದೊಡ್ಡ ಉಪಕಾರ ಮಾಡಿದವರ ಹಾಗೆ ನೋಡಿದರು. ಅರ್ಧ ಶಕ್ತಿ ತೆಗೆದರೆ ಇಳಿಯುವುದು ಬರೀ 3 ಡೆಸಿಬಲ್ ಕಣಪ್ಪಾ! ಕಿವಿಗೆ ಅರ್ಧ ಅನ್ನಿಸಬೇಕಾದರೆ ಸುಮಾರು 10 ಇಳಿಯಬೇಕು, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ತೆಗೆಯಬೇಕು. ಅಜ್ಜಿ "ಕಮ್ಮಿ ಮಾಡಿದ್ರೇನಪ್ಪಾ?" ಅಂತ ಕೇಳಿದರು. ಏನು ಹೇಳಲಿ.

ಈಗ ಒಬ್ಬರು ಬರುತ್ತಾರೆ, ನನಗೆ ಗೊತ್ತು. "ಒಬ್ಬೊಬ್ಬರ ಕಿವಿ ಒಂದೊಂದು ಥರ ಸರ್, ನಂಬರ್ ಇಲ್ಲದೆ ಕಾನೂನು ಹೇಗೆ ಮಾಡೋದು?" ಸರಿ, ನಂಬರ್ ಬೇಡ ಅಂದವರು ಯಾರು? ಒಳ್ಳೆ ಮೀಟರ್‌ಗಳಲ್ಲಿ "ಎ" ಪಕ್ಕದಲ್ಲೇ "ಸಿ" ಇರುತ್ತದೆ. ಅದು ಅದೇ 63 ಹರ್ಟ್ಜ್‌ನಲ್ಲಿ 1 ಡೆಸಿಬಲ್ ಕೂಡ ಕಳೆಯುವುದಿಲ್ಲ. ಎರಡನ್ನೂ ಅಳೆದು ಬರೆದುಕೊಂಡರೆ ಯಾರ ಗಂಟು ಹೋಗುತ್ತದೆ? ಅಂತರ ದೊಡ್ಡದಿದ್ದಷ್ಟೂ ಬಾಸ್ ಜಾಸ್ತಿ ಅಂತ ಗೊತ್ತಾಗುತ್ತದೆ. "ಸಿ" ನೋಡಿದರೆ ಸಿಕ್ಕಿಬೀಳುತ್ತೇವೆ ಅನ್ನೋರಿಗೆ ಮಾತ್ರ ಕಷ್ಟ.

ನನಗೂ ಬಾಸ್ ಅಂದರೆ ಪ್ರಾಣ. ತಮಟೆ ಸದ್ದು ಕೇಳಿದರೆ ಈ ವಯಸ್ಸಲ್ಲೂ ಕಾಲು ನಿಲ್ಲಲ್ಲ, ಹೆಂಡತಿ ಅಂಗಿ ಹಿಡಿದು ಎಳೆಯಬೇಕು. ಆದರೆ ನಾನು ಎದ್ದು ಹೋಗಿ ಅದರ ಮುಂದೆ ನಿಲ್ಲುವುದು ಬೇರೆ, ಅದು ಅಜ್ಜಿಯ ಮಂಚ ಹುಡುಕಿಕೊಂಡು ಬರುವುದು ಬೇರೆ, ಅಲ್ವಾ?

ಮುಂದಿನ ಭಾನುವಾರ ಪಕ್ಕದ ಕ್ರಾಸಿನ ಸರದಿ. ನಮ್ಮದಕ್ಕಿಂತ ದೊಡ್ಡ ಬಾಕ್ಸ್ ತರಿಸುತ್ತಾರಂತೆ. ನಿಮ್ಮಲ್ಲಿ ಯಾರ ಹತ್ತಿರವಾದರೂ "ಸಿ" ಇರುವ ನಿಜವಾದ ಮೀಟರ್ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಕಾಫಿ ನನ್ನದು, ಜಗಳವೂ ನನ್ನದೇ.