ಮೇಲೆ ಏನೂ ಇಲ್ಲವಂತೆ

ಇವತ್ತು ಬೆಳಿಗ್ಗೆ ಮತ್ತೆ ಗೋವಾದ ಚಾಪೋರಾ ಕೋಟೆಗೆ ಹೋಗಿದ್ದೆ. ಎಷ್ಟನೇ ಸಲ ಅಂತ ಕೇಳಬೇಡಿ. ಮಾಪ್ಸಾಕ್ಕೆ ಬಂದಮೇಲೆ ಭಾನುವಾರ ನನಗೆ ಬೇರೆ ದೇವಸ್ಥಾನವಿಲ್ಲ.

ವಾಗಾತೋರ್ ಕಡೆಯಿಂದ ಹತ್ತಿದರೆ ಕಾಲು ಗಂಟೆಯ ಏರು. ಕೆಂಪು ಮಣ್ಣು, ಉರುಳುವ ಸಣ್ಣ ಕಲ್ಲು. ಅರ್ಧ ಹತ್ತಿದ್ದೆ, ನಾಲ್ಕು ಹುಡುಗರು ಇಳಿದು ಬಂದರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿರಬೇಕು. ಒಬ್ಬ ನಿಂತು ಬಹಳ ಕಾಳಜಿಯಿಂದ ಹೇಳಿದ: ‘ಮ್ಯಾಲ ಏನೂ ಇಲ್ರೀ ಅಣ್ಣಾರ, ಬರೇ ಗ್ವಾಡಿ. ಸುಮ್ನ ಕಾಲ್ನೋವು.’

ಏನೂ ಇಲ್ಲ!

ಉತ್ತರದ ಗೋಡೆಗೆ ಬಂದು ನಿಂತರೆ ಚಾಪೋರಾ ನದಿ ಸಮುದ್ರ ಸೇರುವುದು ಕಾಲಡಿಯಲ್ಲೇ ಕಾಣುತ್ತದೆ. ಆಚೆ ದಡದಲ್ಲಿ ಮೊರ್ಜಿಯ ಉದ್ದ ಮರಳು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುವ ಜಾಗ ಅದು. ಈಚೆ ತಿರುಗಿದರೆ ವಾಗಾತೋರ್. ಮಳೆ ಮುಗಿದ ಈ ದಿನಗಳಲ್ಲಿ ನದಿಯ ಕೆಂಪು ನೀರು ಸ್ವಲ್ಪ ದೂರದವರೆಗೆ ಬೇರೆಯಾಗಿಯೇ ಕಾಣುತ್ತದೆ. ಹೊಸ ಸೊಸೆ ಹಾಗೆ, ಬೆರೆಯಲು ಹೊತ್ತು ಬೇಕು. ಇದು ‘ಏನೂ ಇಲ್ಲ’.

ಆ ‘ಬರೇ ಗ್ವಾಡಿ’ ಜಂಬಿಟ್ಟಿಗೆಯದು. ನೆಲದಿಂದ ಕಡಿದಾಗ ಮೆತ್ತಗಿರುವ ಕಲ್ಲು, ಗಾಳಿ ಬಡಿದಷ್ಟೂ ಗಟ್ಟಿ. ಈಗಿನ ಗೋಡೆ 1717ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಅದಕ್ಕೂ ಮೊದಲು ಇಲ್ಲಿದ್ದದ್ದು ನಮ್ಮ ಬಿಜಾಪುರದ ಆದಿಲ್‌ಶಾಹಿ ಕೋಟೆ. ಶಹಾಪುರ ಹೋಗಿ ಚಾಪೋರಾ ಆಯಿತು ಎನ್ನುತ್ತಾರೆ. ನಮ್ಮೂರಿನವರು ಇಷ್ಟು ದೂರ ಬಂದು ಕೋಟೆ ಕಟ್ಟಿದ್ದರು, ಈ ಹುಡುಗರಿಗೆ ಕಾಲ್ನೋವು!

ಪಾಪ, ಅಲ್ಲಿ ಬೋರ್ಡಿಲ್ಲ, ನೆರಳಿಲ್ಲ, ಒಂದು ಲಿಂಬು ಸೋಡಾ ಕೂಡ ಸಿಗಲ್ಲ, ಅವರಿಗೇನು ಗೊತ್ತಾಗಬೇಕು ಅಂತ ನೀವು ಹೇಳಬಹುದು. ಒಪ್ಪಿದೆ. ಆದರೆ ಸಮುದ್ರ ನೋಡಲು ಬೋರ್ಡ್ ಯಾಕೆ ಬೇಕು? ‘ಇದು ಸಮುದ್ರ’ ಅಂತ ಬರೆಯಬೇಕಾ? ಹಿಂದಿ ಸಿನಿಮಾದಲ್ಲಿ ಮೂವರು ಗೆಳೆಯರು ಕೂತ ಗೋಡೆ ಮಾತ್ರ ಎಲ್ಲರಿಗೂ ಬೋರ್ಡಿಲ್ಲದೆ ಸಿಗುತ್ತದೆ. ಅಲ್ಲಿ ಫೋಟೋಕ್ಕೆ ಸಾಲು. ಸಮುದ್ರಕ್ಕೆ ಬೆನ್ನು ಹಾಕಿ ಕೂತು ಹಲ್ಲು ತೋರಿಸಿದರೆ ಗೋವಾ ಮುಗಿಯಿತು.

ಸರಿ, ನಿಜ ಹೇಳಿಬಿಡುತ್ತೇನೆ. ಬಿಜಾಪುರದ ಉಪ್ಪಲಿ ಬುರುಜಿನಿಂದ ಎರಡು ಓಣಿ ಆಚೆ ಬೆಳೆದವನು ನಾನು. ಎಂಬತ್ತು ಅಡಿ ಎತ್ತರ, ಹೊರಗಿನಿಂದ ಸುತ್ತಿಕೊಂಡು ಹೋಗುವ ಕಲ್ಲಿನ ಮೆಟ್ಟಿಲು. ಮದುವೆಯಾದ ಹೊಸತರಲ್ಲಿ ಇವಳು ಹತ್ತೋಣ ಎಂದಳು. ‘ಅಲ್ಲೇನದ, ಎರಡು ಹಳೇ ತೋಪು’ ಅಂದಿದ್ದೆ.

ಮನೆಗೆ ಬಂದು ಆ ಹುಡುಗರ ಬಗ್ಗೆ ಅರ್ಧ ಗಂಟೆ ಕೂಗಾಡಿದೆ. ಇವಳು ಚಹಾ ಸೋಸುತ್ತಾ ಎಲ್ಲ ಕೇಳಿಸಿಕೊಂಡು, ‘ದೀಪಾವಳಿಗೆ ಊರಿಗೆ ಹೋಗ್ತೀವಲ್ಲ, ಬುರುಜು ಹತ್ತೂಣೇನ್ರೀ?’ ಅಂದಳು.

ಬಿಸಿಲು ಜಾಸ್ತಿ ಇರುತ್ತದೆ ಅಂದೆ.